ಹೆಸರೇ ಗೊತ್ತಿಲ್ಲದ್ದನ್ನು ಹುಡುಕೋದು ಹೇಗೆ? ಚಾನೆಲ್ ತಿರುಗಿಸುತ್ತಿದ್ದ ಕಾಲದ ಕಥೆ

ಇವತ್ತಿನ ವಿಷಯ ಸಣ್ಣದು ಅನ್ನಿಸಬಹುದು: ರಿಮೋಟ್ ಹಿಡಿದು ಸುಮ್ಮನೆ ಚಾನೆಲ್ ತಿರುಗಿಸುತ್ತಾ ಕೂರೋದು. "ಒಂದು ಕಡೆ ನಿಲ್ಲಿಸೋ ಮಾರಾಯ" ಅಂತ ಬೈಸಿಕೊಳ್ಳದವರು ಯಾರಿದ್ದಾರೆ? ಆದರೆ ಊರು ಬಿಟ್ಟು ಬಂದ ನಮ್ಮಂಥವರ ಮನೆಗೆ ಕನ್ನಡ ಬರುತ್ತಿದ್ದ ಒಂದು ದಾರಿ ಅದು. ಆ ದಾರಿ ಹೇಗೆ ತೆರೆಯಿತು, ಹೇಗೆ ಮುಚ್ಚುತ್ತಿದೆ, ನೋಡೋಣ.

ಕಥೆ ಶುರುವಾಗೋದು ಅಮೆರಿಕದಲ್ಲಿ. ಝೆನಿತ್ ಕಂಪನಿಯ ಮುಖ್ಯಸ್ಥ ಯೂಜೀನ್ ಮೆಕ್‌ಡೊನಾಲ್ಡ್ ಅವರಿಗೆ ಜಾಹೀರಾತು ಕಂಡರೆ ಆಗುತ್ತಿರಲಿಲ್ಲ. ಕುರ್ಚಿಯಿಂದ ಏಳದೆ ಅದರ ಬಾಯಿ ಮುಚ್ಚಿಸೋಕೆ ಏನಾದರೂ ಬೇಕಿತ್ತು. 1955ರಲ್ಲಿ ಅವರ ಎಂಜಿನಿಯರ್ ಯೂಜೀನ್ ಪಾಲಿ ಬೆಳಕಿನ ರಿಮೋಟ್ ಮಾಡಿದರು. ತೊಂದರೆ ಏನಂದ್ರೆ, ಟಿವಿ ಮೇಲೆ ಬಿಸಿಲು ಬಿದ್ದರೂ ಚಾನೆಲ್ ಬದಲಾಗಿಬಿಡುತ್ತಿತ್ತು! ಮರುವರ್ಷ ರಾಬರ್ಟ್ ಆಡ್ಲರ್ ಅವರ ರಿಮೋಟ್ ಬಂತು. ಅದಕ್ಕೆ ಬ್ಯಾಟರಿಯೇ ಬೇಡ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ನಮ್ಮ ಕಿವಿಗೆ ಕೇಳಿಸದ ಅಲ್ಟ್ರಾಸೌಂಡ್ ಹೊರಡುತ್ತಿತ್ತು. ಅಂದರೆ ಜಾಹೀರಾತಿನಿಂದ ತಪ್ಪಿಸಿಕೊಳ್ಳೋಕೆ ಹುಟ್ಟಿದ ಯಂತ್ರ ಇದು.

ನಮ್ಮ ದೇಶದಲ್ಲಿ ಅದಕ್ಕೆ ಬಹಳ ಕಾಲ ಕೆಲಸವೇ ಇರಲಿಲ್ಲ. 1959ರಲ್ಲಿ ದೆಹಲಿಯಲ್ಲಿ ಟಿವಿ ಶುರುವಾದ ಮೇಲೂ ಮೂರು ದಶಕ ಹೆಚ್ಚಿನ ಮನೆಗಳಿಗೆ ದೂರದರ್ಶನವೊಂದೇ. ತಿರುಗಿಸೋದು ಎಲ್ಲಿಗೆ? 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಸಿಎನ್‌ಎನ್ ನೋಡೋಕೆ ದೊಡ್ಡ ಹೋಟೆಲುಗಳ ಮೇಲೆ ಡಿಶ್ ಬಂತು. ಅದೇ ವರ್ಷ ಸ್ಟಾರ್, 1992ರಲ್ಲಿ ಝೀ, 1994ರಲ್ಲಿ ನಮ್ಮ ಉದಯ ಟಿವಿ. ಬೀದಿಬೀದಿಗೆ ಕೇಬಲ್‌ನವರು ಹುಟ್ಟಿಕೊಂಡರು.

ಯಾವ ನಂಬರಿಗೆ ಯಾವ ಚಾನೆಲ್ ಅಂತ ತೀರ್ಮಾನಿಸುತ್ತಿದ್ದವನು ಕೇಬಲ್‌ನವನೇ. ಭಕ್ತಿ ಚಾನೆಲ್ ಪಕ್ಕ ಕುಸ್ತಿ, ಅದರ ಪಕ್ಕ ತಮಿಳು ಸಿನಿಮಾ. ಹಳೇ ಟಿವಿಗಳಲ್ಲಿ ಮೊದಲ ಕೆಲವು ಜಾಗಗಳಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು. ಅಲ್ಲಿ ಜಾಗ ಸಿಗಲಿ ಅಂತ ಚಾನೆಲ್‌ಗಳೇ ಕೇಬಲ್‌ನವರಿಗೆ ದುಡ್ಡು ಕೊಡುತ್ತಿದ್ದವು. ನಮ್ಮ ಹೆಬ್ಬೆರಳು ಹಾದುಹೋಗುವ ದಾರಿಗೆ ಅಷ್ಟು ಬೆಲೆ ಇತ್ತು.

ಎಂಟೆಕ್ ಮುಗಿಸಿ ನಾನು ಪುಣೆಗೆ ಬಂದಾಗ ನಾಲ್ವರ ಬಾಡಿಗೆ ಫ್ಲ್ಯಾಟ್‌ನಲ್ಲಿ ಇದ್ದದ್ದು ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಶ್. 2004ರಲ್ಲಿ ಶುರುವಾದ ಈ ಸೇವೆಯಲ್ಲಿ ದೇಶದ ಎಲ್ಲಾ ಭಾಷೆಯವರಿಗೂ ಒಂದೇ ಪಟ್ಟಿ. ಒಂದು ರಾತ್ರಿ ಜಾಹೀರಾತು ಬಂತು ಅಂತ ಚಾನೆಲ್ ತಿರುಗಿಸುತ್ತಾ ಹೋದೆ. ಒಡಿಯಾ ದಾಟಿತು, ತಮಿಳು ದಾಟಿತು, ಥಟ್ಟಂತ ಕನ್ನಡ. ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಿದ್ದಾರೆ. ಸರಿಯುತ್ತರ ಕೊಟ್ಟವರಿಗೆ ಬಹುಮಾನ ಪುಸ್ತಕ! "ಥಟ್ ಅಂತ ಹೇಳಿ" 2002ರಿಂದಲೂ ಬರುತ್ತಿತ್ತು. ಊರಲ್ಲಿದ್ದಾಗ ಅದರ ಕಡೆ ನಾನು ತಿರುಗಿಯೂ ನೋಡಿರಲಿಲ್ಲ. ಪುಣೆಯಲ್ಲಿ ಅದು ನನ್ನ ದಿನದ ಕಾರ್ಯಕ್ರಮ ಆಯ್ತು. ಬಿಹಾರದ ರೂಮ್‌ಮೇಟ್ ಕೂಡ ಪಕ್ಕದಲ್ಲಿ ಕೂತು, ಪ್ರಶ್ನೆ ಏನಂತ ಕೇಳಿ, ಹಿಂದಿಯಲ್ಲಿ ಉತ್ತರ ಹೇಳುತ್ತಿದ್ದ.

ಆಮೇಲೆ ಏನಾಯ್ತು? ಕೇಬಲ್ ಡಿಜಿಟಲ್ ಆಯ್ತು: 2012ರಲ್ಲಿ ಮಹಾನಗರಗಳಿಂದ ಶುರುವಾಗಿ, 2013ರಲ್ಲಿ ಪುಣೆ, ಹೈದರಾಬಾದ್, ಬೆಂಗಳೂರಿಗೆ ಸರದಿ ಬಂತು. ಸುದ್ದಿಯೆಲ್ಲ ಒಂದು ಕಡೆ, ಆಟ ಒಂದು ಕಡೆ, ಒಂದೊಂದು ಭಾಷೆ ಒಂದೊಂದು ಕಡೆ. ತಿರುಗಿಸುವ ವೇಗವೂ ಹೋಯ್ತು. ಅನಲಾಗ್‌ನಲ್ಲಿ ಗುಂಡಿ ಒತ್ತಿದ ಕೂಡಲೇ ಚಿತ್ರ. ಡಿಜಿಟಲ್‌ನಲ್ಲಿ ಟ್ಯೂನರ್ ಸಿಗ್ನಲ್ ಹಿಡಿಯಬೇಕು, ಚಂದಾ ಇದೆಯಾ ನೋಡಬೇಕು, ಮುಂದಿನ ಪೂರ್ತಿ ಫ್ರೇಮ್ ಬರೋ ತನಕ ಕಾಯಬೇಕು. ನಡುವಿನ ಫ್ರೇಮ್‌ಗಳಲ್ಲಿ ಬದಲಾವಣೆ ಮಾತ್ರ ಇರುತ್ತಲ್ಲ. ಒಂದೆರಡು ಸೆಕೆಂಡ್ ಅಷ್ಟೇ. ಆದರೆ ಐವತ್ತು ಚಾನೆಲ್ ದಾಟೋಕೆ ಯಾರಿಗೆ ತಾಳ್ಮೆ? 2019ರಲ್ಲಿ ಟ್ರಾಯ್ ಹೊಸ ನಿಯಮ ತಂತು: 130 ರೂಪಾಯಿ ಮತ್ತು ತೆರಿಗೆಗೆ ಮೊದಲ ನೂರು ಚಾನೆಲ್‌ಗಳ ಜಾಗ, ಪೇ ಚಾನೆಲ್ ಬೇಕಾದರೆ ಒಂದೊಂದಕ್ಕೂ ಬೇರೆ ದುಡ್ಡು. ಬೇಡದ್ದಕ್ಕೆ ದುಡ್ಡು ಕೊಡಬೇಕಿಲ್ಲ ಅನ್ನೋದು ನ್ಯಾಯವೇ. ಆದರೆ ಆರಿಸದ ಪೇ ಚಾನೆಲ್ ಕಣ್ಣಿಗೇ ಬೀಳೋದಿಲ್ಲ.

ಈಗ ಓಟಿಟಿ. ನೋಡಿದ್ದಕ್ಕೆ ಹೋಲುವುದನ್ನೇ ಅದು ಮುಂದಿಡುತ್ತೆ. ಇಂಥ ಸಿಸ್ಟಮ್ ಹೇಗೆ ಕೆಲಸ ಮಾಡುತ್ತೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಹಳೇ ಡೇಟಾದಲ್ಲಿ ಕನ್ನಡ ಇಲ್ಲದಿದ್ದರೆ, ಸಲಹೆಯಲ್ಲೂ ಕನ್ನಡ ಬರೋದು ಕಷ್ಟ. ಸರ್ಚ್ ಮಾಡಬಹುದಲ್ಲ ಅಂತೀರಾ? ಸರ್ಚ್‌ಗೆ ಹೆಸರು ಗೊತ್ತಿರಬೇಕು. ನಮಗಾದರೆ ಗೊತ್ತು, ಕನ್ನಡ ಬೇಕಾದಾಗ ಹುಡುಕಿಕೊಳ್ಳುತ್ತೇವೆ. ಪುಣೆಯಲ್ಲೇ ಹುಟ್ಟಿದ ನನ್ನ ಮಗಳು ಏನಂತ ಟೈಪ್ ಮಾಡಬೇಕು?

ಅದಕ್ಕೇ ನಮ್ಮ ಮನೆಯಲ್ಲಿ ಆ ಉಚಿತ ಡಿಶ್ ಇನ್ನೂ ಇದೆ. ಭಾನುವಾರ ರಿಮೋಟ್ ಅವಳ ಕೈಗೆ; ನಾವು ಬಾಯಿ ಹಾಕೋದಿಲ್ಲ. ಹೆಚ್ಚಿನ ಸಲ ಕನ್ನಡ ದಾಟಿ ಮುಂದಕ್ಕೆ ಹೋಗುತ್ತಾಳೆ. ಹೋದ ತಿಂಗಳು ಒಂದು ಯಕ್ಷಗಾನದ ಕಿರೀಟ ನೋಡಿ ನಿಲ್ಲಿಸಿ, "ಅಪ್ಪಾ, ಇವ್ರು ಯಾರು?" ಅಂದಳು. ಅರ್ಧ ಗಂಟೆ ಕಥೆ ಹೇಳಿದೆ.

ನೀವು ಹುಡುಕದೆಯೇ ನಿಮಗೆ ಸಿಕ್ಕ ಕಾರ್ಯಕ್ರಮ ಯಾವುದು? ಮನೆಯ ಮಕ್ಕಳಿಗೆ ಒಂದ್ಸಲ ಹೇಳಿ.