ಅಂಚೆ ಪೆಟ್ಟಿಗೆಯ ಬೀಗದ ಕೈ

ಇಮೇಲ್ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು. 1971ರಲ್ಲಿ ಅಮೆರಿಕದ ಕೇಂಬ್ರಿಡ್ಜ್ ಊರಿನ ಬಿಬಿಎನ್ ಕಂಪನಿಯಲ್ಲಿ ರೇ ಟಾಮ್ಲಿನ್ಸನ್ ಅಕ್ಕಪಕ್ಕದಲ್ಲಿದ್ದ ಎರಡು ಕಂಪ್ಯೂಟರುಗಳ ನಡುವೆ ಸಂದೇಶ ಹಾಯಿಸಿದರು. ಆಳಿನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು @ ಚಿಹ್ನೆಯನ್ನು ಆರಿಸಿಕೊಂಡರು. ಆದರೆ ಅದು ಕಳಿಸುವವರ ಕಥೆ. ಓದುವವರ ಕಥೆ ಶುರುವಾಗುವುದು ಅದರ ಮರುವರ್ಷ. ಆಗಿನ ಓದುವ ತಂತ್ರಾಂಶಕ್ಕೆ ಗೊತ್ತಿದ್ದದ್ದು ಒಂದೇ ಕೆಲಸ: ಬಂದ ಸಂದೇಶಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಸುರಿಯುವುದು. ಬೇಕಾದ ಒಂದು ಕಾಗದಕ್ಕಾಗಿ ಬೇಡದ ಇಪ್ಪತ್ತನ್ನು ದಾಟಿ ಹೋಗಬೇಕಿತ್ತು. ಈ ಕಂಪ್ಯೂಟರುಗಳನ್ನು ಬೆಸೆದಿದ್ದ ಜಾಲಕ್ಕೆ ಹಣ ಕೊಡುತ್ತಿದ್ದ ಅರ್ಪಾ ಸಂಸ್ಥೆಯ ಸ್ಟೀಫನ್ ಲುಕಾಸಿಕ್ ಅವರಿಗೇ ಈ ರಾಶಿ ತಲೆನೋವಾಯಿತು. ಅವರ ಸಹೋದ್ಯೋಗಿ ಲ್ಯಾರಿ ರಾಬರ್ಟ್ಸ್ 1972ರಲ್ಲಿ ಆರ್‌ಡಿ ಎಂಬ ಪುಟ್ಟ ತಂತ್ರಾಂಶ ಬರೆದರು. ಅದು ಬಂದ ಕಾಗದಗಳ ಪಟ್ಟಿ ತೋರಿಸುತ್ತಿತ್ತು, ಬೇಕಾದುದನ್ನು ಆರಿಸಿ ಓದಲು ಬಿಡುತ್ತಿತ್ತು, ಇಡಬೇಕಾದ್ದನ್ನು ಇಡುತ್ತಿತ್ತು, ಬೇಡವಾದ್ದನ್ನು ಅಳಿಸುತ್ತಿತ್ತು. ಮರುವರ್ಷ ಅರ್ಪಾ ನಡೆಸಿದ ಅಧ್ಯಯನದಲ್ಲಿ, ಜಾಲದ ಮೇಲೆ ಹರಿಯುವ ಒಟ್ಟು ಸಂಚಾರದ ಮುಕ್ಕಾಲು ಪಾಲು ಇಮೇಲೇ ಎಂದು ಕಂಡುಬಂತು.

ಪಟ್ಟಿ, ಆಯ್ಕೆ, ಜೋಪಾನ, ಅಳಿಸುವಿಕೆ. ಐವತ್ತು ವರ್ಷಗಳ ಬಳಿಕವೂ ಬಳಕೆದಾರರು ಡೆಸ್ಕ್‌ಟಾಪ್ ಇಮೇಲ್ ತಂತ್ರಾಂಶದಿಂದ ಬಯಸುವುದು ಈ ನಾಲ್ಕರ ವಿಸ್ತಾರವನ್ನೇ ಎಂಬುದು ಈ ಲೇಖನದ ವಾದ. ಅವರಿಗೆ ಬೇಕಾಗಿರುವುದು ಹೊಸ ಹೊಸ ಸೌಕರ್ಯಗಳ ಮೆರವಣಿಗೆಯಲ್ಲ, ತಮ್ಮ ಕಾಗದಗಳ ಮೇಲೆ ತಮ್ಮದೇ ಯಜಮಾನಿಕೆ. ಅದನ್ನು ಗೌರವಿಸಿದ ತಂತ್ರಾಂಶಗಳನ್ನು ಮಾಡಿದವರೇ ಕೈಬಿಟ್ಟಾಗಲೂ ಬಳಕೆದಾರರು ಬಿಡಲಿಲ್ಲ. ಅದನ್ನು ಮರೆತವುಗಳ ಬಗ್ಗೆ ಅದೇ ಬಳಕೆದಾರರು ಪದೇಪದೇ ದೂರಿದ್ದಾರೆ.

ಮೊದಲ ಸಾಕ್ಷ್ಯ ಆ ಹಳೆಯ ದಿನಗಳದ್ದೇ. 1975ರಲ್ಲಿ ಜಾನ್ ವಿಟ್ಟಲ್ ಬರೆದ ಎಂಎಸ್‌ಜಿ ತಂತ್ರಾಂಶದಲ್ಲಿ 'ಉತ್ತರಿಸು' ಎಂಬ ಆಜ್ಞೆ ಬಂತು. ಅಲ್ಲಿಯವರೆಗೆ ಕಾಗದಕ್ಕೆ ಮಾರೋಲೆ ಬರೆಯಬೇಕೆಂದರೆ ವಿಳಾಸವನ್ನು ಮತ್ತೆ ಅಕ್ಷರ ಅಕ್ಷರವಾಗಿ ಟೈಪಿಸಬೇಕಿತ್ತು. ಈಗ ನಾವು ಯೋಚಿಸದೆ ಒತ್ತುವ ಆ ಗುಂಡಿಯಿಂದಲೇ ಸಂದೇಶ ಸಂಭಾಷಣೆಯಾಯಿತು. ಕಾಗದಗಳನ್ನು ಇಟ್ಟುಕೊಳ್ಳುವ ಬಗೆಯೂ ಆಗಲೇ ರೂಢಿಗೆ ಬಂತು. ಯುನಿಕ್ಸ್ ಯಂತ್ರಗಳಲ್ಲಿ ಎಲ್ಲ ಕಾಗದಗಳೂ ಒಂದೇ ಸರಳ ಪಠ್ಯ ಕಡತದಲ್ಲಿ, ಒಂದರ ಕೆಳಗೊಂದು ಕೂರುತ್ತಿದ್ದವು. ಈ ಎಂಬಾಕ್ಸ್ ಪದ್ಧತಿಯಲ್ಲಿ 'ಫ್ರಮ್' ಎಂಬ ಇಂಗ್ಲಿಷ್ ಪದದಿಂದ ಶುರುವಾಗುವ ಸಾಲು ಬಂತೆಂದರೆ ಹೊಸ ಕಾಗದ ಬಂತೆಂದು ಅರ್ಥ. ಹಾಗಾದರೆ ಕಾಗದದ ಒಡಲಲ್ಲೇ ಯಾರಾದರೂ ಆ ಪದದಿಂದ ಒಂದು ಸಾಲು ಶುರುಮಾಡಿದರೆ? ಗೊಂದಲವಾಗದಿರಲೆಂದು ತಂತ್ರಾಂಶ ಆ ಸಾಲಿನ ಮುಂದೆ ಒಂದು ಬಾಣದ ಮೊನೆ ಇಡುತ್ತಿತ್ತು. ಹಳೆಯ ಕಾಗದಗಳಲ್ಲಿ ಆ ಮೊನೆ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ. ಹೊಲಿಗೆ ಒರಟು, ಆದರೆ ಬಟ್ಟೆ ಗಟ್ಟಿ. ನಲವತ್ತು ವರ್ಷ ಹಿಂದಿನ ಎಂಬಾಕ್ಸ್ ಕಡತವನ್ನು ಇಂದಿನ ಯಾವುದೇ ಸಾಧಾರಣ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು. ಯಾರ ಅಪ್ಪಣೆಯೂ ಬೇಡ.

ಮನೆಮನೆಗೆ ಕಂಪ್ಯೂಟರ್ ಬಂದ ಮೇಲೆ ಈ ಯಜಮಾನಿಕೆ ಸಾಮಾನ್ಯ ಜನರಿಗೂ ದಕ್ಕಿತು. 1988ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಡಾರ್ನರ್ ಯೂಡೋರಾ ತಂತ್ರಾಂಶವನ್ನು ಬರೆದರು. ಅಂಚೆ ಕಚೇರಿಯಲ್ಲೇ ವಾಸಕ್ಕೆ ಹೋಗುವ ಹೆಣ್ಣೊಬ್ಬಳ ಕಥೆ ಬರೆದ ಅಮೆರಿಕದ ಲೇಖಕಿ ಯೂಡೋರಾ ವೆಲ್ಟಿಯ ಹೆಸರನ್ನೇ ಅದಕ್ಕಿಟ್ಟರು. 1990ರಲ್ಲಿ ನ್ಯೂಜಿಲೆಂಡಿನ ಡುನೆಡಿನ್ ಊರಿನಿಂದ ಡೇವಿಡ್ ಹ್ಯಾರಿಸ್ ಅವರ ಪೆಗಾಸಸ್ ಮೇಲ್ ಬಂತು. ಅದು ಉಚಿತ, ಕೈಪಿಡಿಯನ್ನು ಕೊಂಡವರ ಹಣವೇ ಅವರ ಜೀವನಾಧಾರವಾಗಿತ್ತು. ಎರಡೂ ಮಾಡುತ್ತಿದ್ದ ಕೆಲಸ ಒಂದೇ: ದೂರದ ಸರ್ವರಿನಿಂದ ಕಾಗದಗಳನ್ನು ಮನೆಗೆ ತರುವುದು, ಮನೆಯಲ್ಲೇ ಜೋಡಿಸಿಡುವುದು. ಇದರ ಬೆಲೆ ಏನೆಂದು ಭಾರತದ ಬಳಕೆದಾರರಿಗೆ ಚೆನ್ನಾಗಿ ಗೊತ್ತಿತ್ತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಅಗ್ಗದ ಶೆಲ್ ಖಾತೆಯವರು ದೂರದ ಯಂತ್ರದೊಳಗೇ ಕೂತು ಪೈನ್‌ನಂಥ ತಂತ್ರಾಂಶದಲ್ಲಿ ಕಾಗದ ಓದಬೇಕಿತ್ತು. ಓದುವಷ್ಟು ಹೊತ್ತೂ, ಬರೆಯುವಷ್ಟು ಹೊತ್ತೂ ಫೋನಿನ ಮೀಟರ್ ಓಡುತ್ತಲೇ ಇತ್ತು. ದುಬಾರಿ ಖಾತೆಯುಳ್ಳವರು ಕರೆ ಹಚ್ಚಿ, ಕಾಗದಗಳನ್ನು ಯೂಡೋರಾಕ್ಕೆ ಇಳಿಸಿಕೊಂಡು, ಕರೆ ಕಡಿದು, ನಿಧಾನವಾಗಿ ಓದಿ ಉತ್ತರ ಬರೆದಿಟ್ಟು, ಮತ್ತೊಮ್ಮೆ ಕರೆ ಹಚ್ಚಿ ಕಳಿಸುತ್ತಿದ್ದರು. ಕಾಗದ ಮನೆಯಲ್ಲಿದ್ದರೆ ಓದಲು ಪುರುಸೊತ್ತೂ ಸಿಗುತ್ತದೆ, ಕಾಸೂ ಉಳಿಯುತ್ತದೆ.

ಕನ್ನಡಿಗರಿಗೆ ಇದಕ್ಕಿಂತ ಮೂಲಭೂತವಾದ ಇನ್ನೊಂದು ಬಯಕೆ ಇತ್ತು: ಬರೆದದ್ದು ಬರೆದ ಹಾಗೆ ಹೋಗಿ ಮುಟ್ಟಬೇಕು. ಇಮೇಲನ್ನು ಕಟ್ಟಿದ್ದೇ ಇಂಗ್ಲಿಷ್ ಅಕ್ಷರಗಳ ಅಳತೆಗೆ. ಬೇರೆ ಲಿಪಿಗಳಿಗೆ ದಾರಿ ತೆರೆದದ್ದು 1992ರ ಮೈಮ್ ಮಾನದಂಡ. ಆ ದಾರಿಯಲ್ಲಿ ನಮ್ಮ ಪದವೊಂದು ಹೇಗೆ ಪ್ರಯಾಣ ಮಾಡುತ್ತದೆ ನೋಡಿ. ಕಾಗದದ ಮೊದಲ ಸಾಲಿನಲ್ಲಿ ಬರುವ 'ಕ್ಷೇಮ' ಎಂಬ ಪದ ಯುನಿಕೋಡ್‌ನಲ್ಲಿ ಐದು ಸಂಕೇತಗಳು. ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು ಬೈಟು. ಹಳೆಯ ಸರ್ವರುಗಳು ಗಾಬರಿಯಾಗದಂತೆ ಪ್ರತಿ ಬೈಟನ್ನೂ ಮೂರು ಇಂಗ್ಲಿಷ್ ಚಿಹ್ನೆಗಳಾಗಿ ಬಿಡಿಸಿದರೆ, ಎರಡೇ ಅಕ್ಷರದ ಪದ 45 ಚಿಹ್ನೆಗಳಾಗಿ ಹೊರಡುತ್ತದೆ. ಆ ಕಡೆಯ ತಂತ್ರಾಂಶಕ್ಕೆ ಬಿಡಿಸಿದ್ದನ್ನು ಮತ್ತೆ ಕಟ್ಟಲು ಬಂದರೆ ಕ್ಷೇಮ; ಬಾರದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯುನಿಕೋಡ್ ಬಳಕೆಗೆ ಬರುವ ಮುನ್ನ ಇನ್ನೂ ಕಷ್ಟವಿತ್ತು: ಬರೆದವರ ಬಳಿ ಇದ್ದ ಫಾಂಟೇ ಓದುವವರ ಬಳಿಯೂ ಇರಬೇಕಿತ್ತು. ಹಾಗಾಗಿ ಹೊರದೇಶದ ಮಕ್ಕಳೂ ಊರಿನ ತಂದೆತಾಯಿಯರೂ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಜೊತೆಯಲ್ಲೇ ತಂದ ಮೇಲೆ ಈ ಕಟ್ಟು ಸಡಿಲಾಯಿತು. ಇಲ್ಲಿಯೂ ಬಳಕೆದಾರರು ಕೇಳಿದ್ದು ಅಲಂಕಾರವನ್ನಲ್ಲ. ತಮ್ಮ ಕಾಗದ ತಮ್ಮದಾಗಿಯೇ ಉಳಿಯಲಿ ಎಂದು ಕೇಳಿದರು.

ಯಜಮಾನಿಕೆಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ 1997ರಲ್ಲಿ ಬಂದ ಔಟ್‌ಲುಕ್ ಪಾಠ ಹೇಳುತ್ತದೆ. ಅಂಚೆಯ ಜೊತೆ ಕ್ಯಾಲೆಂಡರ್, ವಿಳಾಸಪಟ್ಟಿ, ಕೆಲಸಗಳ ಪಟ್ಟಿ ಎಲ್ಲವನ್ನೂ ಒಂದೆಡೆ ತಂದ ಅದು ಕಚೇರಿಗಳಿಗೆ ನಿಜಕ್ಕೂ ಬೇಕಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾಗದಗಳನ್ನು ಅದು ಪಿಎಸ್‌ಟಿ ಎಂಬ ತನ್ನದೇ ಮುಚ್ಚಿದ ಡಬ್ಬಿಯಲ್ಲಿ ಇಟ್ಟಿತು. ಆ ಡಬ್ಬಿಯ ಹಳೆಯ ರೂಪಕ್ಕೆ 2 ಜಿಬಿಯ ಮಿತಿ ಇತ್ತು. ಕಾಗದಗಳು ಬೆಳೆದು ಮಿತಿ ಮುಟ್ಟಿದರೆ ಡಬ್ಬಿಯೇ ಕೆಡುತ್ತಿತ್ತು, ವರ್ಷಗಳ ಕಾಗದಗಳು ಒಟ್ಟಿಗೇ ಅಪಾಯಕ್ಕೆ ಸಿಗುತ್ತಿದ್ದವು. ಡಬ್ಬಿಯ ಒಳರಚನೆಯ ವಿವರವನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2010ರಲ್ಲಿ. ಅಷ್ಟರೊಳಗೆ ಇನ್ನೊಂದು ಅನುಭವವೂ ಆಗಿತ್ತು. 1999ರ ಮೆಲಿಸ್ಸಾ ಮತ್ತು 2000ದ 'ಐ ಲವ್ ಯೂ' ಪಿಡುಗುಗಳು ಜನರು ತೆರೆದ ಲಗತ್ತಿನಿಂದ ಹೊರಬಿದ್ದು, ಔಟ್‌ಲುಕ್‌ನ ವಿಳಾಸಪಟ್ಟಿಯನ್ನು ಹಿಡಿದು, ಬಳಕೆದಾರರ ಹೆಸರಿನಲ್ಲೇ ಕಾಗದ ಕಳಿಸಿದವು. ಕೇಳದೆ ಯಾವ ಕೆಲಸವನ್ನೂ ಮಾಡದ ತಂತ್ರಾಂಶ ಬೇಕು ಎಂಬ ಬಯಕೆ ಆಗ ಗಟ್ಟಿಯಾಯಿತು. ದೂರದಿಂದ ಬರುವ ಚಿತ್ರಗಳನ್ನು ಥಂಡರ್‌ಬರ್ಡ್‌ನಂಥ ತಂತ್ರಾಂಶಗಳು ಈಗ ತಾವಾಗಿಯೇ ತೆರೆಯದಿರುವುದು ಅದೇ ಎಚ್ಚರಿಕೆಯ ಫಲ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು: ಜನ ಡೆಸ್ಕ್‌ಟಾಪನ್ನು ಬಿಟ್ಟು ಬ್ರೌಸರಿಗೂ ಫೋನಿಗೂ ಹೋದರಲ್ಲ, ಹಾಗಿದ್ದರೆ ಯಜಮಾನಿಕೆ ಯಾರಿಗೆ ಬೇಕಾಗಿದೆ? ಹೋದದ್ದು ನಿಜ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದಾಗ, ಸ್ವಂತ ಕಂಪ್ಯೂಟರ್ ಇಲ್ಲದವರಿಗೂ ಅಂಚೆ ಪೆಟ್ಟಿಗೆ ಸಿಕ್ಕಿತು. ಸೈಬರ್ ಕೆಫೆಗಳಲ್ಲಿ ಕೂತು ಕಾಗದ ಓದಿದವರಿಗೆ ಅದು ದೊಡ್ಡ ಉಪಕಾರ. 2004ರ ಏಪ್ರಿಲ್ 1ರಂದು ಬಂದ ಜಿಮೇಲ್ 1 ಜಿಬಿ ಜಾಗ ಕೊಟ್ಟಿತು; ಹಾಟ್‌ಮೇಲ್ ಆಗ ಕೊಡುತ್ತಿದ್ದದ್ದು 2 ಎಂಬಿ. ಆದರೆ ಜಿಮೇಲ್ ಗೆದ್ದದ್ದು ಏನನ್ನು ಕೊಟ್ಟು? ಅಳಿಸದೆ ಇಟ್ಟುಕೊಳ್ಳುವ ಜಾಗ, ಇಟ್ಟದ್ದನ್ನು ಥಟ್ಟನೆ ಹುಡುಕಿಕೊಡುವ ಜಾಣ್ಮೆ. ಎರಡೂ ರಾಬರ್ಟ್ಸ್ ಕಾಲದ ಹಳೆಯ ಬಯಕೆಗಳೇ. ಕೊಡದೆ ಉಳಿಸಿಕೊಂಡದ್ದು ಬೀಗದ ಕೈ. 2014ರಲ್ಲಿ ಗೂಗಲ್ 'ಇನ್‌ಬಾಕ್ಸ್' ಎಂಬ ಬೇರೆ ಬಗೆಯ ಅಂಚೆ ಮುಖವನ್ನು ತಂದಿತು. ಅದಕ್ಕೆ ಒಗ್ಗಿಕೊಂಡವರು ಅನೇಕರಿದ್ದರು. 2019ರ ಏಪ್ರಿಲ್‌ನಲ್ಲಿ ಕಂಪನಿಯೇ ಅದನ್ನು ಮುಚ್ಚಿತು. ಕಾಗದಗಳು ಜಿಮೇಲ್‌ನಲ್ಲಿ ಉಳಿದವು, ಆದರೆ ಅವರು ರೂಢಿಸಿಕೊಂಡ ವ್ಯವಸ್ಥೆ ಒಂದು ದಿನದಲ್ಲಿ ಇಲ್ಲವಾಯಿತು. ಸ್ವಂತ ಕಂಪ್ಯೂಟರಿನಲ್ಲಿ ಕೂತಿರುವ ತಂತ್ರಾಂಶವನ್ನು ಹಾಗೆ ಯಾರೂ ಕಿತ್ತುಕೊಂಡು ಹೋಗಲಾರರು.

ಎರಡನೆಯ ಆಕ್ಷೇಪವೂ ಸುಳ್ಳಲ್ಲ: ಮನೆಯ ಡಿಸ್ಕ್ ಕೆಟ್ಟರೆ ಕಾಗದಗಳೂ ಹೋಗುತ್ತವೆ, ಕಂಪನಿಯ ಸರ್ವರಿನಲ್ಲಿದ್ದರೆ ಭದ್ರ. ಆದರೆ ಇಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಬೇಕಾದ ಗತಿ ಬಂದಿಲ್ಲ. 1980ರ ದಶಕದಲ್ಲೇ ಸ್ಟಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್ ಪದ್ಧತಿಯಿಂದ ಕಾಗದ ಸರ್ವರಿನಲ್ಲೂ ಇರುತ್ತದೆ, ಮನೆಯಲ್ಲೂ ಅದರ ಪ್ರತಿ ಇಟ್ಟುಕೊಳ್ಳಬಹುದು. ಡಿಸ್ಕ್ ಕೆಟ್ಟರೆ ಸರ್ವರ್ ಕಾಯುತ್ತದೆ; ಖಾತೆಗೆ ಬೀಗ ಬಿದ್ದರೆ ಮನೆಯ ಪ್ರತಿ ಕಾಯುತ್ತದೆ. ಎರಡನೆಯ ಕಾವಲು ಬೇಕೆಂದರೆ ಡೆಸ್ಕ್‌ಟಾಪ್ ತಂತ್ರಾಂಶವೇ ಹಾದಿ.

ಮೂರನೆಯ ಆಕ್ಷೇಪ ತಂತ್ರಾಂಶ ಮಾಡುವವರದ್ದು: ಬಳಕೆದಾರರು ಯಾವ ಬದಲಾವಣೆಯನ್ನೂ ಒಪ್ಪುವುದಿಲ್ಲ, ಅವರದ್ದು ಬರೀ ರೂಢಿಯ ಹಟ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಪೌಲ್ ಗ್ರಹಾಂ 2002ರಲ್ಲಿ ಬಿಡಿಸಿ ಹೇಳಿದ ಸಂಭವನೀಯತೆಯ ಲೆಕ್ಕದಿಂದ ಕಸದ ಕಾಗದಗಳನ್ನು ಸೋಸುವ ಜರಡಿ ಮರುವರ್ಷವೇ ಮೊಜಿಲ್ಲಾ ತಂತ್ರಾಂಶಕ್ಕೆ ಬಂದಾಗ ಬಳಕೆದಾರರು ಅದನ್ನು ಎರಡೂ ಕೈಯಿಂದ ಬರಮಾಡಿಕೊಂಡರು. ಆ ಜರಡಿ ಕಲಿಯುತ್ತಿದ್ದದ್ದು ಅವರ ತೀರ್ಪಿನಿಂದಲೇ: ಇದು ಕಸ, ಇದು ಕಾಗದ ಎಂದು ಅವರು ತೋರಿಸಿದಂತೆಲ್ಲ ಚುರುಕಾಗುತ್ತಿತ್ತು. ಇದಕ್ಕೆ ಎದುರಾಗಿ, ಯೂಡೋರಾವನ್ನು ಆಗ ನಡೆಸುತ್ತಿದ್ದ ಕ್ವಾಲ್ಕಾಮ್ ಕಂಪನಿ 2006ರಲ್ಲಿ ಅದರ ಹಳೆಯ ರೂಪದ ಕೆಲಸ ನಿಲ್ಲಿಸಿ, ಥಂಡರ್‌ಬರ್ಡ್‌ನ ಅಡಿಪಾಯದ ಮೇಲೆ ಅದೇ ಹೆಸರಿನ ಹೊಸ ತಂತ್ರಾಂಶ ಕಟ್ಟಿಸಿದಾಗ ಹಳಬರಲ್ಲಿ ಬಹುಮಂದಿ ಆ ಕಡೆ ಹೋಗಲಿಲ್ಲ. ಹೆಸರು ಅದೇ ಇತ್ತು, ಕೈಗೆ ಒಗ್ಗಿದ ನಡೆ ಇರಲಿಲ್ಲ. ದಿನಕ್ಕೆ ನೂರು ಸಲ ಮಾಡುವ ಕೆಲಸದಲ್ಲಿ ಬೆರಳಿನ ನೆನಪೂ ಒಂದು ಆಸ್ತಿ; ಅದನ್ನು ಕೇಳದೆ ಕಸಿದುಕೊಂಡಾಗ ಸಿಟ್ಟಾಗುವುದು ಸಹಜ. ಬಳಕೆದಾರರು ತಮ್ಮ ಕೈ ಬಲಪಡಿಸುವ ಬದಲಾವಣೆಯನ್ನು ಒಪ್ಪುತ್ತಾರೆ, ಕೈ ಕಟ್ಟುವುದನ್ನು ಒಪ್ಪುವುದಿಲ್ಲ.

ಮಾಡಿದವರು ಕೈಬಿಟ್ಟಾಗ ಏನಾಯಿತು ಎಂಬುದೇ ಈ ವಾದದ ಕೊನೆಯ ಪುರಾವೆ. 2007ರ ಜನವರಿಯಲ್ಲಿ ಡೇವಿಡ್ ಹ್ಯಾರಿಸ್ ಪೆಗಾಸಸ್ ನಿಲ್ಲಿಸುವುದಾಗಿ ಸಾರಿದರು. ಬಳಕೆದಾರರ ಒತ್ತಾಯ ಹರಿದುಬಂದು ಕೆಲಸ ಮತ್ತೆ ಶುರುವಾಯಿತು. ಯೂಡೋರಾದ ಮೂಲ ಸಂಕೇತ 2018ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯದ ಮೂಲಕ ಎಲ್ಲರಿಗೂ ಮುಕ್ತವಾಯಿತು. 2004ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಥಂಡರ್‌ಬರ್ಡ್‌ಗೆ ಇನ್ನು ಹೊಸತನದ ಹೂಡಿಕೆ ಇಲ್ಲ, ಬರೀ ದುರಸ್ತಿ ಮಾತ್ರ ಎಂದು ಅದನ್ನು ಮಾಡಿದ ಮೊಜಿಲ್ಲಾ ಸಂಸ್ಥೆ 2012ರಲ್ಲಿ ಹೇಳಿತು. ಸ್ವಯಂಸೇವಕರು ಅದನ್ನು ಹೊತ್ತು ನಡೆಸಿದರು. 2020ರಲ್ಲಿ ಅದಕ್ಕಾಗಿಯೇ ಒಂದು ಪ್ರತ್ಯೇಕ ಕಂಪನಿ ಬಂತು. 2022ರ ಒಂದೇ ವರ್ಷದಲ್ಲಿ ಬಳಕೆದಾರರು ಕೊಟ್ಟ ದೇಣಿಗೆ 60 ಲಕ್ಷ ಡಾಲರಿಗೂ ಹೆಚ್ಚು. ಉಚಿತವಾಗಿ ಸಿಗುವ ವಸ್ತುವಿಗೆ ಜನ ಬೇಕೆಂದೇ ಹಣ ಕೊಡುವುದು ಬರೀ ರೂಢಿಯ ಹಟಕ್ಕಲ್ಲ.

ಈಗ ಗಾಳಿ ಮತ್ತೆ ಎದುರಿನಿಂದ ಬೀಸುತ್ತಿದೆ. ವಿಂಡೋಸ್‌ನ ಹೊಸ ಔಟ್‌ಲುಕ್, ಬೇರೆ ಕಂಪನಿಗಳ ಖಾತೆಯಲ್ಲಿರುವ ಕಾಗದಗಳನ್ನೂ ಮೈಕ್ರೋಸಾಫ್ಟ್‌ನ ಸರ್ವರಿಗೆ ನಕಲು ಮಾಡಿಕೊಂಡು ಅಲ್ಲಿಂದ ತೋರಿಸುತ್ತದೆ. ನೋಡಲು ಅದು ನಮ್ಮ ಮೇಜಿನ ಮೇಲಿನ ಪೆಟ್ಟಿಗೆ, ಕೀಲಿ ಮಾತ್ರ ಬೇರೆಡೆ. ಇಂಥ ಹೊತ್ತಿನಲ್ಲಿ ಓದುಗರು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಅಪ್ಪ ಬರೆದ ಕಾಗದ, ಗೆಳತಿಯ ಉತ್ತರ, ಮೊದಲ ಕೆಲಸದ ಆದೇಶ ನಿಮ್ಮ ಖಾತೆಯಲ್ಲಿ ಎಲ್ಲೋ ಇವೆ. ಒಂದು ಭಾನುವಾರ ಕೂತು ಅವುಗಳ ಒಂದು ಪ್ರತಿಯನ್ನು ನಿಮ್ಮದೇ ಯಂತ್ರಕ್ಕೆ, ಎಲ್ಲರೂ ಓದಬಲ್ಲ ತೆರೆದ ರೂಪದಲ್ಲಿ ಇಳಿಸಿಕೊಳ್ಳಿ. ಹಿಂದಿನವರು ಕಾಗದಗಳನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ಆ ಟ್ರಂಕು ಅವರ ಮನೆಯಲ್ಲೇ ಇತ್ತು.