ಜಟಿಂಗ ರಾಮೇಶ್ವರದ ಶಾಸನವೂ ನೀರ್ವಕ್ಕಿಯ ಪಾಕವೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿಗೆ ಅನತಿದೂರದಲ್ಲಿ, ಜಟಿಂಗ ರಾಮೇಶ್ವರವೆಂಬ ಬೆಟ್ಟವಿರುವುದು. ಇದು ಒಂದು ಪಕ್ಷಿಯ ಹೆಸರನ್ನು ಹೊತ್ತಿರುವ ಬೆಟ್ಟ. ಸೀತಾಪಹರಣ ಕಾಲದಲ್ಲಿ ರಾವಣನನ್ನು ತಡೆದು ಹೋರಾಡಿದ ಜಟಾಯುವು ಇಲ್ಲಿಯೇ ರೆಕ್ಕೆ ಮುರಿದು ಬಿದ್ದನೆಂದೂ, ಶ್ರೀರಾಮನು ಆತನಿಗೆ ಉತ್ತರಕ್ರಿಯೆಯನ್ನು ಮಾಡಿ ಲಿಂಗವನ್ನು ಪ್ರತಿಷ್ಠಿಸಿದನೆಂದೂ ಸ್ಥಳಪುರಾಣವು ಹೇಳುತ್ತದೆ. ವಾಲ್ಮೀಕಿ ರಾಮಾಯಣದ ಅರಣ್ಯಕಾಂಡವನ್ನು ಮೂಲದಲ್ಲಿ ಓದಿದವರಿಗೆ ಈ ಉತ್ತರಕ್ರಿಯೆಯ ಒಂದು ವಿವರವು ನೆನಪಿರಬಹುದು. ರಾಮನು ಆ ಪಕ್ಷಿರಾಜನಿಗೆ ತಂದೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿ, ರೋಹಿಯೆಂಬ ಮೃಗದ ಮಾಂಸವನ್ನು ಉಂಡೆಗಟ್ಟಿ ಹಸಿರು ಹುಲ್ಲಿನ ಮೇಲೆ ಪಿಂಡವಾಗಿ ಇಟ್ಟನೆಂದು ಆದಿಕವಿಯು ಮುಚ್ಚುಮರೆಯಿಲ್ಲದೆ ಹೇಳಿರುವನು. ಒಂದು ಹಕ್ಕಿಯ ಮೇಲಣ ಮಮತೆಯೂ ಒಂದು ಮೃಗದ ಮಾಂಸವೂ ಒಂದೇ ಪ್ರಸಂಗದಲ್ಲಿ ಕೂಡಿ ಬಂದಿರುವುದು ಈ ಬೆಟ್ಟದ ಕಥೆಯ ವಿಶೇಷ.

ಪುರಾಣವನ್ನು ಬಿಟ್ಟು ಚರಿತ್ರೆಗೆ ಬಂದರೂ ಈ ಬೆಟ್ಟದಲ್ಲಿ ಅದೇ ಪ್ರಶ್ನೆಯು ಎದುರಾಗುವುದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದು ಲೋಕಕ್ಕೆ ತಿಳಿಸಿದರು. ಬ್ರಹ್ಮಗಿರಿಯ ಬಂಡೆಯನ್ನು ಜನರು ಅಕ್ಷರಗುಂಡೆಂದು ಕರೆಯುತ್ತಿದ್ದರು. ಜಟಿಂಗ ರಾಮೇಶ್ವರದ ಬಂಡೆಗೆ ಬಳೆಗಾರರ ಗುಂಡೆಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಮಲಾರವನ್ನು ಬಿಚ್ಚಿ ಕುಳಿತುಕೊಳ್ಳುತ್ತಿದ್ದುದರಿಂದ ಈ ಹೆಸರು ಬಂದಿತು. ಮೂರರಲ್ಲಿ ಅತ್ಯಂತ ಸವೆದುಹೋಗಿರುವ ಶಾಸನವು ಇದೇ. ಆದರೂ ಬ್ರಹ್ಮಗಿರಿಯ ಪಾಠದ ಸಹಾಯದಿಂದ ಇದನ್ನು ಓದಬಹುದಾಗಿದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯಿದು. ತಾಯಿತಂದೆಗಳ ಮಾತನ್ನು ಕೇಳಬೇಕು, ಪ್ರಾಣಿಗಳ ವಿಷಯದಲ್ಲಿ ಮನಸ್ಸು ದೃಢವಾಗಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅದರ ಉತ್ತರಭಾಗದ ತಾತ್ಪರ್ಯ.

ಇಲ್ಲಿ ಪ್ರಾಣಿದಯೆಯ ಮಾತಾದೊಡನೆಯೇ ಸತ್ಯದ ಮಾತು ಬಂದಿರುವುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಅನ್ನದ ಚರಿತ್ರೆಯನ್ನು ಬರೆಯುವವರು ಈ ಎರಡರಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುವುದೇ ಹೆಚ್ಚು. ಅಶೋಕನು ಹಾಗೆ ಮಾಡಿದವನಲ್ಲ. ಪ್ರಾಣಿಗಳ ವಿಷಯದಲ್ಲಿ ದೃಢತೆಯೆಂದರೆ ಅಡುಗೆಯ ಮನೆಯಲ್ಲಿ ಏನೆಂಬುದನ್ನು ಈ ಬೆಟ್ಟದ ಶಾಸನವು ಹೇಳುವುದಿಲ್ಲ. ಅದನ್ನು ಅರಿಯಬೇಕಾದರೆ ಮೂಡಲ ದಿಕ್ಕಿನಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಗೆ ಹೋಗಬೇಕು. ಅಲ್ಲಿ ಈ ಶಾಸನದೊಡನೆ ಚಕ್ರವರ್ತಿಯ ಹದಿನಾಲ್ಕು ದೊಡ್ಡ ಬಂಡೆಶಾಸನಗಳೂ ಇರುವುವು. ಅವುಗಳಲ್ಲಿ ಮೊದಲನೆಯದು ಅರಮನೆಯ ಪಾಕಶಾಲೆಯನ್ನೇ ಕುರಿತದ್ದು. ಹಿಂದೆ ತನ್ನ ಪಾಕಶಾಲೆಯಲ್ಲಿ ಸಾರಿಗಾಗಿ ದಿನದಿನವೂ ಲಕ್ಷಾಂತರ ಪ್ರಾಣಿಗಳು ಹತವಾಗುತ್ತಿದ್ದುವೆಂದೂ, ಶಾಸನವನ್ನು ಬರೆಯಿಸುವ ಕಾಲಕ್ಕೆ ಎರಡು ನವಿಲು ಒಂದು ಜಿಂಕೆ ಹೀಗೆ ಮೂರು ಮಾತ್ರ ಹತವಾಗುತ್ತಿವೆಯೆಂದೂ, ಜಿಂಕೆಯು ನಿತ್ಯವೂ ಅಲ್ಲವೆಂದೂ, ಮುಂದೆ ಈ ಮೂರನ್ನೂ ಕೊಲ್ಲಲಾಗುವುದಿಲ್ಲವೆಂದೂ ರಾಜನು ಹೇಳಿಕೊಂಡಿರುವನು. ತಾನು ಆಗಲೇ ಸಂಪೂರ್ಣ ಶುದ್ಧನಾದೆನೆಂದು ಬರೆಯಿಸಿಕೊಳ್ಳಲು ಸಾರ್ವಭೌಮನಿಗೆ ಯಾರ ಅಡ್ಡಿಯೂ ಇರಲಿಲ್ಲ. ಆದರೂ ಉಳಿದಿರುವ ಮೂರನ್ನು ಎಣಿಸಿ ಕಲ್ಲಿನಲ್ಲಿ ಕೊರೆಯಿಸಿದನು.

ಪಟ್ಟಾಭಿಷೇಕವಾಗಿ ೨೬ ವರ್ಷಗಳಾದಮೇಲೆ ಉತ್ತರದೇಶದಲ್ಲಿ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಅವಧ್ಯ ಪ್ರಾಣಿಗಳ ದೊಡ್ಡ ಪಟ್ಟಿಯೊಂದಿದೆ. ಗಿಣಿ, ಗೊರವಂಕಗಳ ಬೆನ್ನಿಗೇ ಚಕ್ರವಾಕ, ಹಂಸಗಳ ಹೆಸರುಗಳು ಬರುವುವು. ಈ ಎರಡೂ ನೀರ್ವಕ್ಕಿಗಳು. ಹಳಗನ್ನಡ ಕವಿಗಳು ಜಕ್ಕವಕ್ಕಿಯೆಂದೂ ಅಂಚೆಯೆಂದೂ ಕರೆದವು ಇವೇ. ಚಕ್ರವಾಕವು ಕಂದುಬಣ್ಣದ ಕಾಡುಬಾತು. ಹಂಸವೆಂಬ ಹೆಸರಿನಿಂದ ನಮ್ಮ ದೇಶದಲ್ಲಿ ಬಹುಮಟ್ಟಿಗೆ ತಿಳಿಯಬೇಕಾದುದು ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಹೆಬ್ಬಾತನ್ನು. ಬಾತಿನ ಬಳಗವನ್ನು ಕುರಿತು ನಮ್ಮ ದೇಶದಲ್ಲಿ ದೊರೆಯುವ ಅತಿ ಪ್ರಾಚೀನ ರಾಜಾಜ್ಞೆಗಳಲ್ಲಿ ಇದು ಒಂದು.

ಯಾರೂ ಮಾಡದ ಕಾರ್ಯವನ್ನು ಯಾವ ಅರಸನೂ ನಿಷೇಧಿಸುವುದಿಲ್ಲ. ಇರುಳಿನಲ್ಲಿ ಅಗಲಿ ಹಗಲಿನಲ್ಲಿ ಕೂಡುವ ದಂಪತಿಗಳೆಂದು ಕವಿಗಳು ಹಾಡಿದ ಚಕ್ರವಾಕವೂ, ನಡೆಗೂ ವಿವೇಕಕ್ಕೂ ಉಪಮಾನವಾದ ಹಂಸವೂ ಕೆಲವರ ಮಡಕೆಗೆ ಬೀಳುತ್ತಿದ್ದುವೆಂಬುದಕ್ಕೆ ಶಾಸ್ತ್ರಗ್ರಂಥಗಳೇ ಸಾಕ್ಷಿ. ಸುಶ್ರುತಸಂಹಿತೆಯು ಹಂಸ, ಸಾರಸ, ಚಕ್ರವಾಕ ಮೊದಲಾದುವನ್ನು ಪ್ಲವಗಳೆಂಬ ಒಂದು ವರ್ಗದಲ್ಲಿ ಸೇರಿಸಿ, ಹಂಸಮಾಂಸವು ಗುರುವೂ ಉಷ್ಣವೂ ಸ್ನಿಗ್ಧವೂ ವಾತಹರವೂ ಸ್ವರಕ್ಕೂ ಬಲಕ್ಕೂ ಹಿತವೂ ಆದುದೆಂದು ಹೇಳುವುದು. ಮನುಸ್ಮೃತಿಯ ಐದನೆಯ ಅಧ್ಯಾಯವಾದರೋ ಇದೇ ಹಂಸಚಕ್ರವಾಕಗಳನ್ನು ಅಭಕ್ಷ್ಯಗಳ ಸಾಲಿನಲ್ಲಿ ಇಟ್ಟಿರುವುದು. ವೈದ್ಯನು ರೋಗಿಯ ದೇಹವನ್ನು ನೋಡಿದನು, ಸ್ಮೃತಿಕಾರನು ಆಚಾರವನ್ನು ನೋಡಿದನು, ಅಶೋಕನು ಹಕ್ಕಿಯನ್ನು ನೋಡಿದನು. ಮೂವರೂ ಮಾತನಾಡಿದ್ದು ಒಂದೇ ಕೊಳದ ಹಕ್ಕಿಯನ್ನು ಕುರಿತು.

ಸುಶ್ರುತನು ಹೇಳಿದ ಗುರುತ್ವ ಸ್ನಿಗ್ಧತ್ವಗಳು ಬರಿಯ ಶಾಸ್ತ್ರದ ಮಾತುಗಳಲ್ಲ, ಅಡುಗೆಯವರು ಕೈಯಾರೆ ಕಂಡುಕೊಂಡಿರುವ ಸಂಗತಿಗಳು. ಕನ್ನಡಿಗರು ಸಾಕಿದ ಬಾತಿಗೆ ಬಾತುಕೋಳಿಯೆಂದು ಹೆಸರಿಟ್ಟಿರುವರು. ಆದರೆ ಇದನ್ನು ಕೋಳಿಯಂತೆ ಬೇಯಿಸಹೊರಟವರು ಕೆಡುವುದು ಖಂಡಿತ. ತಣ್ಣೀರಿನಲ್ಲಿ ತೇಲುವ ಹಕ್ಕಿಯಾದುದರಿಂದ ಇದರ ಚರ್ಮದ ಕೆಳಗೆ ದಪ್ಪನಾದ ಕೊಬ್ಬಿನ ಪದರವಿರುವುದು. ಗರಿಗಳಿಗೆ ಜಿಡ್ಡು ಹತ್ತಿರುವುದರಿಂದ ನೀರು ಒಳಕ್ಕೆ ಇಳಿಯದು. ದೂರ ಹಾರುವ ಹಕ್ಕಿಗಳ ಕುಲದ್ದಾದುದರಿಂದ ಇದರ ಎದೆಯ ಮಾಂಸವು ಕೋಳಿಯದರಂತೆ ಬೆಳ್ಳಗಿರದೆ ಕೆಂಪಾಗಿರುವುದು. ಈ ಮೂರು ಸಂಗತಿಗಳನ್ನು ಅರಿತರೆ ಇದರ ಪಾಕಕ್ರಮವು ತಾನಾಗಿಯೇ ವಿಶದವಾಗುವುದು.

ದಕ್ಷಿಣ ಕನ್ನಡದ ಕ್ರೈಸ್ತರ ಮನೆಗಳಲ್ಲಿಯೂ ಕೇರಳದ ಕುಟ್ಟನಾಡಿನಲ್ಲಿಯೂ ಹಬ್ಬಕ್ಕೆ ಬಾತನ್ನು ಬೇಯಿಸುವ ರೂಢಿಯುಂಟು. ಇದನ್ನು ಬಲ್ಲವರು ಮೊದಲು ಗರಿಗಳನ್ನು ಚೆನ್ನಾಗಿ ಬಿಸಿಯಾದ ನೀರಿನಲ್ಲಿ ಅದ್ದಿ ಕಿತ್ತು, ಉಳಿದ ನವುರು ತುಪ್ಪುಳನ್ನು ಉರಿಯ ಮೇಲೆ ಸೀಯಿಸುವರು. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದಿದೆ. ಅದನ್ನು ಕತ್ತರಿಸಿ ತೆಗೆಯದಿದ್ದರೆ ಇಡೀ ಅಡುಗೆಯು ನಾರುವುದು. ತೊಳೆದ ಮಾಂಸವನ್ನು ನೀರಿನ ಪಸೆಯಿಲ್ಲದಂತೆ ಒರಸಿ, ಚರ್ಮವನ್ನು ಮಾತ್ರ ಅಲ್ಲಲ್ಲಿ ಚುಚ್ಚಿ, ಉಪ್ಪು ಅರಿಸಿನಗಳನ್ನು ಸವರುವರು. ಆಮೇಲೆ ಎಣ್ಣೆ ಹಾಕದ ತಣ್ಣನೆಯ ಬಾಣಲೆಯಲ್ಲಿ ಚರ್ಮವು ಕೆಳಗಾಗುವಂತೆ ಇಟ್ಟು ಸಣ್ಣ ಉರಿಯನ್ನು ಮಾಡಬೇಕು. ಕಾದ ಬಾಣಲೆಗೆ ಹಾಕಿದರೆ ಚರ್ಮವು ಒಮ್ಮೆಗೇ ಬಿಗಿದುಕೊಂಡು ಕೊಬ್ಬು ಒಳಗೇ ಉಳಿಯುವುದು. ಮೆಲ್ಲಗೆ ಕಾದರೆ ಕೊಬ್ಬು ಕರಗಿ ಹೊರಕ್ಕೆ ಬಂದು ಚರ್ಮವು ಗರಿಗರಿಯಾಗುವುದು. ಆ ಕೊಬ್ಬನ್ನು ಬಗ್ಗಿಸಿಟ್ಟುಕೊಂಡರೆ ಮುಂದೆ ಹುರಿಯುವುದಕ್ಕೆ ಒದಗುವುದು. ಅನಂತರ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸು, ಕೊತ್ತಂಬರಿಗಳ ಮಸಾಲೆಯಲ್ಲಿ ಬಾಡಿಸಿ, ಹುಣಸೆಯ ಹುಳಿಯನ್ನಾಗಲಿ ಕರಾವಳಿಯವರಂತೆ ವಿನೆಗರನ್ನಾಗಲಿ ಸೇರಿಸಿ, ಮುಚ್ಚಳವನ್ನಿಟ್ಟು, ತೊಡೆಯ ಮಾಂಸವು ಎಲುಬಿನಿಂದ ಸಡಿಲವಾಗುವವರೆಗೆ ಕುದಿಯನ್ನು ಎಬ್ಬಿಸದೆ ಬೇಯಿಸುವರು. ಬಲಿತ ಬಾತಿಗೆ ಎರಡು ಗಂಟೆಯಾದರೂ ಹಿಡಿಯಬಹುದು. ಹುಳಿಯು ಜಿಡ್ಡನ್ನು ಮುರಿಯುವುದು, ಮೆಣಸು ಶುಂಠಿಗಳು ಗುರುವಾದುದನ್ನು ಜೀರ್ಣಕ್ಕೆ ಅನುಕೂಲಗೊಳಿಸುವುವೆಂದು ಹಿರಿಯರ ನಂಬಿಕೆ.

ಈ ಕ್ರಮದಲ್ಲಿ ಹೊಸದೇನೂ ಇಲ್ಲವೆಂಬುದು ಕನ್ನಡನಾಡಿನ ಪಾಕಗ್ರಂಥಗಳನ್ನು ನೋಡಿದವರಿಗೆ ಮನದಟ್ಟಾಗುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸದ ಮೂರನೆಯ ವಿಂಶತಿಯಲ್ಲಿ ಅನ್ನಭೋಗವೆಂಬ ಪ್ರಕರಣವುಂಟು. ಇಂದಿನ ಇಡ್ಲಿ ದೋಸೆಗಳ ಪೂರ್ವಜರಾದ ಇಡರಿಕಾ ದೋಸಕಗಳು ಅಲ್ಲಿಯೇ ಇರುವುವು. ಅವುಗಳ ಪಕ್ಕದಲ್ಲಿಯೇ ಹಂದಿಯ ರೋಮವನ್ನು ಬಿಸಿನೀರಿನಿಂದಲೂ ಉರಿಯಿಂದಲೂ ತೆಗೆಯುವ ಬಗೆ, ಮಾಂಸಕ್ಕೆ ಹುಳಿ ಹಿಂಗು ಉಪ್ಪುಗಳನ್ನು ಊಡಿಸುವ ಬಗೆ, ಕೋಲಿಗೆ ಸಿಕ್ಕಿಸಿ ಕೆಂಡದಲ್ಲಿ ಸುಡುವ ಬಗೆ, ಆಮೆ ಏಡಿ ಹೊಲದಿಲಿಗಳ ಪಾಕ ಇವೆಲ್ಲವೂ ನಿಸ್ಸಂಕೋಚವಾಗಿ ವರ್ಣಿತವಾಗಿವೆ. ಇದಕ್ಕೆ ನೂರು ವರ್ಷ ಹಿಂದೆ, ಸುಮಾರು ೧೦೨೫ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲಿಯೂ ಸೂಪಶಾಸ್ತ್ರದ ಭಾಗವಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದನು. ಜೈನನಾದ ಈ ಕವಿಯ ಅಡುಗೆಯ ಮನೆಗೆ ಮಾಂಸದ ಪ್ರವೇಶವಿಲ್ಲ. ಅಲ್ಲಿ ಬದನೆಯಕಾಯಿಗೆ ರಾಜಮರ್ಯಾದೆ.

ಸೋಮೇಶ್ವರನ ಪಾಕಶಾಲೆಗೂ ಮಂಗರಸನ ಪಾಕಶಾಲೆಗೂ ಪದಾರ್ಥಗಳಲ್ಲಿ ಅಜಗಜಾಂತರವಿರಬಹುದು, ಕೈಗೆಲಸದಲ್ಲಿ ಅಷ್ಟು ಅಂತರವಿಲ್ಲ. ತೊಳೆಯುವುದು, ಹೆಚ್ಚುವುದು, ಅರೆಯುವುದು, ನೆನೆಯಿಸುವುದು, ಹಬೆಯಲ್ಲಿ ಬೇಯಿಸುವುದು, ಹುರಿಯುವುದು, ಕರಿಯುವುದು, ಸುಡುವುದು, ಒಗ್ಗರಣೆ ಕೊಡುವುದು, ಎಲ್ಲಕ್ಕಿಂತ ಮಿಗಿಲಾಗಿ ಉರಿಯ ಹದವನ್ನರಿಯುವುದು, ಇವು ಇಬ್ಬರಿಗೂ ಸಮಾನ. ಬದನೆಯಕಾಯಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆಯುವ ಗೃಹಿಣಿಯ ಕೈಯೂ, ಬಾತಿನ ತುಪ್ಪುಳನ್ನು ಉರಿಯಲ್ಲಿ ಸೀಯಿಸುವವಳ ಕೈಯೂ ಒಂದೇ ವಿದ್ಯೆಯನ್ನು ಕಲಿತುವು.

ಆ ವಿದ್ಯೆಯು ಅಶೋಕನಿಗಿಂತಲೂ ಹಳೆಯದು. ಬ್ರಹ್ಮಗಿರಿಯ ಬುಡದಲ್ಲಿ ೧೯೪೦ರ ಸುಮಾರಿನಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆತವನ್ನು ನಡೆಯಿಸಿದರು. ಒಂದರ ಮೇಲೊಂದಾಗಿ ಮೂರು ಸಂಸ್ಕೃತಿಗಳ ಪದರಗಳು ಅಲ್ಲಿ ಕಂಡುಬಂದುವು. ಕಲ್ಲುಕೊಡಲಿಯ ಜನರ ಕಾಲದಲ್ಲಿ ಕೈಯಿಂದ ಮಾಡಿದ ಒರಟು ಬೂದುಮಡಕೆಗಳು, ಬೃಹತ್ ಶಿಲಾಸಮಾಧಿಗಳ ಜನರ ಕಾಲದಲ್ಲಿ ಕಪ್ಪು ಕೆಂಪು ಮಡಕೆಗಳು, ಅನಂತರ ತಿಗುರಿಯಲ್ಲಿ ತಿರುಗಿಸಿದ ನಯವಾದ ಪಾತ್ರೆಗಳು. ಚಕ್ರವರ್ತಿಯ ಆಜ್ಞೆಯು ಬಂಡೆಯನ್ನು ಏರಿದಾಗ ಅದನ್ನು ಓದಿಸಿ ಕೇಳಿದ ಜನರ ಮನೆಗಳಲ್ಲಿ ಮಡಕೆಯೂ ಒಲೆಯೂ ಅದಾಗಲೇ ಬಹು ಪುರಾತನವಾಗಿದ್ದುವು. ಅವರ ಮಡಕೆಯನ್ನು ಒಡೆಯಿರೆಂದು ಆ ಆಜ್ಞೆಯು ಹೇಳಲಿಲ್ಲ. ಅಲ್ಪನಾದವನೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಹುದೆಂದು ಮಾತ್ರ ಹೇಳಿತು.

ಇಂದು ಕಾಡುಬಾತನ್ನಾಗಲಿ ಹೆಬ್ಬಾತನ್ನಾಗಲಿ ಬೇಟೆಯಾಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಬಂದಿಳಿಯುವ ಪಟ್ಟೆತಲೆಯ ಹೆಬ್ಬಾತುಗಳು, ಎರಡು ಸಾವಿರ ವರ್ಷಗಳಿಗೂ ಹಿಂದಣ ಸ್ತಂಭಶಾಸನವು ತಮ್ಮ ಕುಲಕ್ಕೆ ಕೊಟ್ಟ ಅಭಯವನ್ನು ಮರಳಿ ಪಡೆದಂತಾಗಿದೆ. ಸಾಕಿದ ಬಾತು ಮಾತ್ರ ಉಣ್ಣುವವರ ಮನೆಯ ಒಲೆಗೆ ಉಳಿಯಿತು.

ವಿದ್ಯಾವಂತರ ಮನೆಗಳಲ್ಲಿ ಪೂರ್ವಿಕರ ಆಹಾರದ ಮಾತು ಬಂದಾಗ ಎರಡು ಬಗೆಯ ಅಸತ್ಯಗಳು ಕೇಳಿಬರುವುದುಂಟು. ನಮ್ಮವರು ಎಂದೂ ಮಾಂಸವನ್ನು ಮುಟ್ಟಿದವರಲ್ಲವೆಂಬುದು ಒಂದು. ಪ್ರಾಣಿದಯೆಯೆಂಬುದು ಬರಿಯ ತೋರಿಕೆಯೆಂಬುದು ಇನ್ನೊಂದು. ಮೊದಲನೆಯದಕ್ಕೆ ಸುಶ್ರುತನೂ ಸೋಮೇಶ್ವರನೂ ಉತ್ತರ ಕೊಡುವರು, ಎರಡನೆಯದಕ್ಕೆ ಮಂಗರಸನೂ ಅಶೋಕನೂ ಉತ್ತರ ಕೊಡುವರು. ಒಂದು ಮನೆಯವರು ಉಣ್ಣುವುದನ್ನು ನೆರೆಮನೆಯವರು ಉಣ್ಣದಿರಬಹುದು. ಆ ಕಾರಣದಿಂದ ಚರಿತ್ರೆಯನ್ನು ತಿದ್ದಬೇಕಾದುದೂ ಇಲ್ಲ, ನೆರೆಯವರನ್ನು ಹಳಿಯಬೇಕಾದುದೂ ಇಲ್ಲ. ತನ್ನ ಅಡುಗೆಯ ಮನೆಯಲ್ಲಿ ಇನ್ನೂ ಎರಡು ನವಿಲೂ ಒಂದು ಜಿಂಕೆಯೂ ಉಳಿದಿವೆಯೆಂದು ಒಪ್ಪಿಕೊಂಡವನೇ ಪ್ರಾಣಿಗಳಲ್ಲಿ ದೃಢತೆಯನ್ನೂ ಸತ್ಯವನ್ನೂ ಒಂದೇ ಉಸಿರಿನಲ್ಲಿ ಬೋಧಿಸಿದನು. ಬಳೆಗಾರರು ಕುಳಿತು ಸವೆಯಿಸಿದ ಆ ಬಂಡೆಯ ಮೇಲೆ ಅಕ್ಷರಗಳು ಮಾಸಿರಬಹುದು. ಬೆಟ್ಟವನ್ನು ಹತ್ತಿ ರಾಮೇಶ್ವರನಿಗೆ ಕೈಮುಗಿಯುವವರು ಆ ಬಂಡೆಯ ಬಳಿ ಒಂದು ಕ್ಷಣ ನಿಂತರೆ, ಮಾಸಿದುದರ ಅರ್ಥವು ಹೊಳೆಯದೆ ಇರಲಾರದು.