ಚೀಟಿ ಒಳಗ ಕಳಸ್ರಿ

ಹಾವೇರಿಯ ಕಚೇರಿಯೊಂದರಲ್ಲಿ ಸಾಹೇಬರನ್ನು ಕಾಣಲು ಹೋಗಿ ನೋಡಿ. ಬಾಗಿಲಲ್ಲಿರುವ ಜವಾನ ಹೇಳುತ್ತಾನೆ: ‘ಹೆಸರು ಬರದು ಚೀಟಿ ಕೊಡ್ರಿ, ಒಳಗ ಕಳಸ್ತೀನಿ.’ ವಿಸಿಟಿಂಗ್ ಕಾರ್ಡ್ ಇದ್ದವರು ಅದನ್ನೇ ಕೊಡುತ್ತಾರೆ. ಇಲ್ಲದವರು ನೋಟುಬುಕ್ಕಿನ ಹಾಳೆ ಹರಿದು ಹೆಸರು, ಊರು, ಬಂದ ಕೆಲಸ ಬರೆಯುತ್ತಾರೆ. ಜವಾನನ ಬಾಯಲ್ಲಿ ಎರಡೂ ಚೀಟಿಯೇ. ಭಾಷೆಯ ಲೆಕ್ಕದಲ್ಲಿ ಅವನ ಮಾತು ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಸರಿ.

ಹಿಂದಿಯ ‘ಚಿಟ್ಠಿ’, ತಮಿಳಿನ ‘ಸೀಟ್ಟು’ ನಮ್ಮ ಚೀಟಿಯ ನೆಂಟರು. (ಚೀಟಿ ಸೀರೆಯ ಚೀಟಿ ಬೇರೆ, ಅದು ಅಚ್ಚಿನ ಬಟ್ಟೆಗೆ ಸೇರಿದ್ದು.) ಇಂಗ್ಲಿಷರು ಇಲ್ಲಿಗೆ ಬಂದು ನೆಲೆಯೂರಿದಾಗ ಈ ಪದವನ್ನು ‘ಚಿಟ್’ ಎಂದು ತಮ್ಮ ಮಾತಿಗೆ ಸೇರಿಸಿಕೊಂಡರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ‘ಹಾಬ್ಸನ್-ಜಾಬ್ಸನ್’ ನಿಘಂಟು ಚಿಟ್ ಎಂದರೆ ಸಣ್ಣ ಪತ್ರ ಎನ್ನುತ್ತದೆ, ಜೊತೆಗೆ ಇನ್ನೊಂದು ಅರ್ಥವನ್ನೂ ಕೊಡುತ್ತದೆ: ಕೆಲಸದಾಳಿಗೆ ಯಜಮಾನ ಬರೆದುಕೊಡುವ ಯೋಗ್ಯತಾಪತ್ರ. ಈ ಎರಡನೆಯ ಅರ್ಥವನ್ನು ನೆನಪಿನಲ್ಲಿಡಿ, ಬ್ಯಾಡಗಿಯಲ್ಲಿ ಬೇಕಾಗುತ್ತದೆ. ನಾವು ಕೂಡಿ ಹಾಕುವ ಚೀಟಿಯ ದುಡ್ಡೂ ‘ಚಿಟ್ ಫಂಡ್’ ಆಗಿ 1982ರ ಕೇಂದ್ರ ಕಾಯ್ದೆಯ ಹೆಸರಿನಲ್ಲಿ ಕೂತಿದೆ.

ಇತ್ತ ‘ಕಾರ್ಡ್’ ನಮ್ಮೊಳಗೆ ಬಂತು. ಲ್ಯಾಟಿನ್ನಿನ ‘ಕಾರ್ಟಾ’, ಅದರ ಹಿಂದೆ ಗ್ರೀಕರ ‘ಖಾರ್ಟೇಸ್’, ಎಂದರೆ ಪಪೈರಸ್ಸಿನ ಹಾಳೆ. ಗಿಡದಿಂದ ಬಂದ ಬರಹದ ಹಾಳೆ ಅದು, ನಮ್ಮ ಓಲೆಯ ಹಾಗೆ. 1879ರಲ್ಲಿ ಕಾಲಾಣೆಯ ಅಂಚೆ ಕಾರ್ಡ್ ಬಂದ ಮೇಲೆ ಪದ ಹಳ್ಳಿಗೂ ಇಳಿಯಿತು. ‘ಊರಿಗೆ ಮುಟ್ಟಿದ ಕೂಡ್ಲೆ ಕಾರ್ಡ ಹಾಕು’ ಎನ್ನದ ತಾಯಿ ನಮ್ಮ ಕಡೆ ಇರಲಿಲ್ಲ. ಆದರೆ ಸರ್ಕಾರ ಕನ್ನಡದಲ್ಲಿ ಬರೆಯಲು ಕುಳಿತಾಗ ರೇಷನ್ ಕಾರ್ಡನ್ನು ಪಡಿತರ ಚೀಟಿ ಎಂದಿತು, ಐಡೆಂಟಿಟಿ ಕಾರ್ಡನ್ನು ಗುರುತಿನ ಚೀಟಿ ಎಂದಿತು. ‘ಪತ್ರ’ ಎಂಬ ಸಂಸ್ಕೃತ ಪದ ಕೈಗೆಟುಕುವಷ್ಟು ಹತ್ತಿರವಿದ್ದರೂ ಚೀಟಿಯನ್ನೇ ಆರಿಸಿದವರ ಕಿವಿ ಒಳ್ಳೆಯದು.

ವಿಸಿಟಿಂಗ್ ಕಾರ್ಡ್ ಎಂಬ ಹೆಸರು ಹುಟ್ಟಿದ್ದು ಯುರೋಪಿನ ಮನೆಗಳ ಹೊಸ್ತಿಲಲ್ಲಿ, ವ್ಯಾಪಾರಕ್ಕಲ್ಲ. ಭೇಟಿಗೆ ಹೋದವರು ಬಾಗಿಲ ಆಳಿನ ಕೈಗೆ ಹೆಸರಿನ ಕಾರ್ಡು ಕೊಡುತ್ತಿದ್ದರು. ವ್ಯಾಪಾರದ ಕಾರ್ಡನ್ನು ಅಂಥ ಮನೆಗೆ ಒಯ್ಯುವುದು ಅಲ್ಲಿ ಅಸಭ್ಯತೆ. ನಾವು ಆ ಗೆರೆಯನ್ನು ಉಳಿಸಿಕೊಳ್ಳಲಿಲ್ಲ. ಅಂಗಡಿಯ ಕಾರ್ಡೂ ನಮಗೆ ವಿಸಿಟಿಂಗ್ ಕಾರ್ಡೇ. ಜಪಾನಿನಲ್ಲಿ ಅದು ‘ಮೇಶಿ’. ಎರಡೂ ಕೈಯಲ್ಲಿ ಕೊಡಬೇಕು, ಎರಡೂ ಕೈಯಲ್ಲಿ ಪಡೆಯಬೇಕು, ಓದಿ ಎದುರಿಗಿಟ್ಟುಕೊಳ್ಳಬೇಕು. ಕೊಟ್ಟವರ ಕಣ್ಣೆದುರೇ ಅದರ ಮೇಲೆ ಏನಾದರೂ ಗೀಚಿದರೆ ಅವಮರ್ಯಾದೆ. ಆ ಪದದ ‘ಶಿ’ ಚೀನಾದ ಹಳೆಯ ಹೆಸರು-ಪಟ್ಟಿಗಳಿಂದ ಬಂದದ್ದು. 1984ರಲ್ಲಿ ಅನ್ಹುಯಿ ಪ್ರಾಂತ್ಯದಲ್ಲಿ ಸಿಕ್ಕ ಸೇನಾಪತಿ ಝು ರಾನ್‌ನ ಸಮಾಧಿಯಲ್ಲಿ, ಮೂರನೆಯ ಶತಮಾನದ ಅಂಥ ಮರದ ಪಟ್ಟಿಗಳಿದ್ದವು. ಹಾವೇರಿಯ ಜವಾನ ಕೇಳುವುದೂ ಅದನ್ನೇ.

ಬ್ಯಾಡಗಿಯ ರೀತಿ ಬೇರೆ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಮಾರುಕಟ್ಟೆ. ಕಡ್ಡಿ, ಡಬ್ಬಿ ಕಾಯಿಯ ಚೀಲಗಳು ಸಾಲುಗಟ್ಟಿರುತ್ತವೆ. ಒಂದೊಂದು ಲಾಟಿಗೂ ನಂಬರಿನ ಚೀಟಿ. ಖರೀದಿದಾರರ ದರ ಈಗ ಕಂಪ್ಯೂಟರಿಗೆ ಹೋಗುತ್ತದೆ, ಮುಂಚೆ ಅದನ್ನೂ ಚೀಟಿಯಲ್ಲೇ ಬರೆದು ಹಾಕುತ್ತಿದ್ದರು. ಇಲ್ಲಿನ ದಲಾಲಿ ಅಂಗಡಿಯ ಕಾರ್ಡನ್ನು ನಿಧಾನವಾಗಿ ಓದಬೇಕು. ನೆತ್ತಿಯ ಮೇಲೆ ಮನೆದೇವರು, ‘ಪ್ರಸನ್ನ’ ಎಂಬ ಮಾತಿನೊಂದಿಗೆ. ನಡುವೆ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು, ಬಹಳ ಸಲ ಅದು ಅಜ್ಜನ ಹೆಸರು. ಕೆಳಗೆ ಅಣ್ಣತಮ್ಮಂದಿರ ಫೋನ್ ನಂಬರುಗಳು. ಕಾರ್ಡು ಕೊಟ್ಟವನು ಒಂದು ಮೂಲೆಯಲ್ಲಿರುತ್ತಾನೆ. ಯುರೋಪಿನ ಕಾರ್ಡು ಒಬ್ಬ ಮನುಷ್ಯನದು, ಇದು ಮನೆತನದ್ದು. ಎಲ್ಲರ ಬಾಯಲ್ಲಿರುವ ‘ದಲಾಲ’ ಎಂಬ ಮಾತು ಮಾತ್ರ ಅದರ ಮೇಲೆ ಅಪರೂಪ; ‘ಕಮಿಷನ್ ಏಜೆಂಟ್’ ಎಂದಿರುತ್ತದೆ. ದಲಾಲ ಎಂಬುದು ಅರಬ್ಬಿಯಲ್ಲಿ ದಾರಿ ತೋರು ಎಂಬ ಧಾತುವಿನಿಂದ ಬಂದ ಪದ. ಮರೆಮಾಚುವಂಥ ಹೆಸರೇನಲ್ಲ ಅದು.

ರಾಣೆಬೆನ್ನೂರಿನ ಸುತ್ತ ತರಕಾರಿಯ ಹೈಬ್ರಿಡ್ ಬೀಜ ಬೆಳೆಯುವ ಹೊಲಗಳಿವೆ. ಕಂಪನಿಯವರ ಹೊಳಪಿನ ಕಾರ್ಡುಗಳು ಅಲ್ಲಿಯ ರೈತರ ಕಿಸೆಯಲ್ಲಿ ಸಾಕಷ್ಟು ಸಿಗುತ್ತವೆ. ಆದರೆ ಅದೇ ರೈತ ಮೆಣಸಿನಕಾಯಿ ಹೇರಿಕೊಂಡು ಮೊದಲ ಸಲ ಬ್ಯಾಡಗಿಗೆ ಹೊರಟನೆನ್ನಿ, ಅಚ್ಚಾದ ಕಾರ್ಡೊಂದೇ ಸಾಲದು. ಪರಿಚಯದ ಹಿರಿಯರು ತಮ್ಮ ಕಾರ್ಡು ತೆಗೆದು, ಬೋರಲು ಹಾಕಿ, ಬಾಲ್‌ಪೆನ್ನಿನಲ್ಲಿ ಎರಡು ಸಾಲು ಬರೆಯುತ್ತಾರೆ: ‘ನಮ್ಮವರದಾರ. ತೂಕ, ರೇಟು ನೋಡಿ ಕೊಡ್ರಿ.’ ಕೆಳಗೆ ಸಹಿ, ತಾರೀಖು. ಜಪಾನಿನವರು ಕಂಡರೆ ನೊಂದುಕೊಂಡಾರು. ನಮ್ಮಲ್ಲಿ ಕಾರ್ಡಿಗೆ ಬೆಲೆ ಬರುವುದೇ ಆ ಬರಹದಿಂದ. ಹಾಬ್ಸನ್-ಜಾಬ್ಸನ್ನಿನ ಎರಡನೆಯ ಅರ್ಥ ಅಲ್ಲಿ ಜೀವಂತವಾಗಿದೆ.

ರೈತ ಅದನ್ನು ಬಲಗೈಯಲ್ಲಿ, ಎಡಗೈಯನ್ನು ಮೊಣಕೈಗೆ ತಾಗಿಸಿ ಕೊಡುತ್ತಾನೆ. ಗಾದಿಯ ಮೇಲಿನ ಯಜಮಾನರು ಹಿಂಬದಿಯನ್ನು ಮೊದಲು ಓದುತ್ತಾರೆ, ಆಮೇಲೆ ತಿರುವಿ ಹೆಸರು ನೋಡುತ್ತಾರೆ. ‘ಯಾವಾಗ ಬಂದ್ರಿ? ಬರ್ರಿ, ಕುಂಡ್ರಿ,’ ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಾರೆ.